ನಿಡಘಟ್ಟದಿಂದ ಹಲಗೂರಿಗೆ

ಚನ್ನಪಟ್ಟಣ ದಾಟಿ ಮೈಸೂರು ಕಡೆ ಹೊರಟರೆ ನಿಡಘಟ್ಟ. ಕನಕಪುರದಿಂದ ಸಾತನೂರು ಹಾದು ಮಳವಳ್ಳಿ ದಾರಿ ಹಿಡಿದರೆ ಹಲಗೂರು. ಮಂಟೇಸ್ವಾಮಿ ಜನಪದ ಕಾವ್ಯದ ಕೆಂಪಾಚಾರಿ ಹುಟ್ಟಿದ್ದು ಮೊದಲನೆಯ ಊರಿನಲ್ಲಿ. ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಯಾಗಿ ಕಬ್ಬಿಣದ ಭಿಕ್ಷೆಗೆ ಹೋಗಿದ್ದು ಎರಡನೆಯದಕ್ಕೆ. ರಾಮನಗರ ಸೀಮೆಯ ಅಂಚಿನಲ್ಲೇ ನಡೆದ ಕಥೆಗೆ ಈ ವಾರ ಒಂದು ಪ್ಲೇಲಿಸ್ಟ್.

ಮಂಟೇಸ್ವಾಮಿ ಪರಂಪರೆಯ ಗಾಯಕರಾದ ನೀಲಗಾರರು ತಂಬೂರಿ, ಗಗ್ಗರ ಹಿಡಿದು ಕಾವ್ಯವನ್ನು ಸಾಲು ಸಾಲಾಗಿ ಹಾಡುತ್ತಾರೆ. ಸಾಲು ಎಂದರೆ ಕಾವ್ಯದ ಒಂದು ಭಾಗ. ರಾತ್ರಿ ಎಷ್ಟು ಉಳಿದಿದೆ, ಹರಕೆ ಹೊತ್ತವರು ಯಾರು, ಎದುರಿಗೆ ಯಾರು ಕೂತಿದ್ದಾರೆ ಎಂದು ನೋಡಿ ಯಾವ ಸಾಲನ್ನು ಎಷ್ಟು ಬೆಳೆಸಬೇಕೆಂದು ತೀರ್ಮಾನಿಸುತ್ತಾರೆ. ನಾನು ಅವರ ಹಾದಿಯಲ್ಲೇ ಹೋಗಿದ್ದೇನೆ.

ಮೊದಲು ಕಲ್ಯಾಣದ ಸಾಲು. ಬಹಳ ಮಂದಿ ಇದನ್ನು ಬಿಟ್ಟು ನೇರ ಸಿದ್ದಪ್ಪಾಜಿಗೆ ಹಾರುತ್ತಾರೆ, ಹಾಗೆ ಮಾಡಬೇಡಿ. ಕೊಳಕು ವೇಷದಲ್ಲಿ ಬಂದ ಗುರು ಮಂಟೇಸ್ವಾಮಿಯನ್ನು ಕಲ್ಯಾಣದ ಜಂಗಮರು ಬಾಗಿಲಲ್ಲೇ ತಡೆಯುವುದನ್ನು ಕೇಳಿರದಿದ್ದರೆ, ಮುಂದೆ ಹಲಗೂರಿನ ಕುಲುಮೆಯವರ ಗರ್ವ ಬರೀ ಊರಜಗಳದಂತೆ ಕೇಳಿಸುತ್ತದೆ. ಆಮೇಲೆ ನಿಡಘಟ್ಟ. ತಾಯಿ ಮುದ್ದಮ್ಮ ಮಗ ಕೆಂಪಾಚಾರಿಯನ್ನು ಗುರುವಿಗೆ ಬಿಟ್ಟುಕೊಡಲಾರದೆ ಒದ್ದಾಡುವ ಭಾಗಕ್ಕೆ ಹಿಮ್ಮೇಳ ತೆಳ್ಳಗಿರುವ ಧ್ವನಿಮುದ್ರಣ ಹುಡುಕಿ. ವಾದ್ಯಗಳ ಅಬ್ಬರದಲ್ಲಿ ಆ ಸಂಕಟ ಮುಚ್ಚಿಹೋಗುತ್ತದೆ.

ಹಲಗೂರಿಗೆ ಪಟ್ಟಿಯ ಅರ್ಧ ಹೊತ್ತನ್ನಾದರೂ ಕೊಡಿ. ಕುಲುಮೆಯವರು ಸಿದ್ದಪ್ಪಾಜಿಗೆ ಒಡ್ಡುವುದು ಪರೀಕ್ಷೆಯ ಮೇಲೆ ಪರೀಕ್ಷೆ. ಪ್ರತಿಯೊಂದಕ್ಕೂ ಲಯ ಬಿಗಿಯಾಗುತ್ತಾ ಹೋಗಬೇಕು. ಇಲ್ಲಿ ಮಳವಳ್ಳಿ ಮಹದೇವಸ್ವಾಮಿಯವರ ಕಂಠ ನನಗೆ ಬಲು ಇಷ್ಟ. ಹಾಡಿನ ನಡುವೆ ಬರುವ ಮಾತನ್ನು, ಕಥೆ ನಡೆಯುವುದೇ ಅದರಲ್ಲಿ, ಕತ್ತರಿಸಿ ತೆಗೆದ ತುಣುಕುಗಳು ಮೊಬೈಲಿನಲ್ಲಿ ಧಾರಾಳವಾಗಿ ಸಿಗುತ್ತವೆ. ಅವು ಬೇಡ. ಷಫಲ್ ಒತ್ತುವುದಂತೂ ಬೇಡವೇ ಬೇಡ.

ಕಿವಿ ಹದಗೊಳ್ಳಬೇಕೆನ್ನುವವರು ರಾಮನಗರದ ಜಾನಪದ ಲೋಕಕ್ಕೆ ಒಂದು ದಿನ ಹೋಗಿಬನ್ನಿ. ಎಚ್.ಎಲ್. ನಾಗೇಗೌಡರು 1994ರಲ್ಲಿ ಆರಂಭಿಸಿದ ಸಂಸ್ಥೆ. ಜನಪದ ವಾದ್ಯಗಳನ್ನು ಹತ್ತಿರದಿಂದ ನೋಡಿದವರಿಗೆ ಧ್ವನಿಮುದ್ರಣದಲ್ಲಿ ಯಾವ ನಾದ ಎಲ್ಲಿಂದ ಬರುತ್ತಿದೆ ಎಂದು ಬಿಡಿಸಿ ಕೇಳುವುದು ಸುಲಭ.

ಚಿಕ್ಕಲ್ಲೂರಿನ ಸಾಲನ್ನು ಪಟ್ಟಿಯಲ್ಲಿ ಇಟ್ಟಿಲ್ಲ. ಬನದ ಹುಣ್ಣಿಮೆಗೆ ಅಲ್ಲಿ ಸಿದ್ದಪ್ಪಾಜಿಯ ಐದು ದಿನದ ಜಾತ್ರೆ. ಮೊದಲ ರಾತ್ರಿ ಬಿದಿರಿನಲ್ಲಿ ಕಟ್ಟಿದ ಚಂದ್ರಮಂಡಲ ಹೊತ್ತುತ್ತದೆ. ಚಿಕ್ಕಲ್ಲೂರು ಇರುವ ಕೊಳ್ಳೇಗಾಲದ ಕಡೆಗೆ ಕನಕಪುರದವರಿಗೆ ನೇರ ರಸ್ತೆಯಿದೆ. ಆ ಸಾಲನ್ನು ಅಲ್ಲಿ ನೀಲಗಾರರ ಎದುರು ಕೂತೇ ಕೇಳಿ.