ಸೂರ್ಯೋದಯವಿಲ್ಲದ ವರ್ಣನೆ

ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳು ಬೇಕೆಂದು ನಮ್ಮ ಲಾಕ್ಷಣಿಕರು ವಿಧಿಸಿದರು. ಸಮುದ್ರ, ಪರ್ವತ, ಋತು, ಸೂರ್ಯೋದಯ, ಚಂದ್ರೋದಯಗಳು ಆ ಪಟ್ಟಿಯಲ್ಲಿ ಸೇರಿವೆ. ಆದರೆ ಸುಮಾರು ನಾಲ್ಕು ತಿಂಗಳ ಕಾಲ ಸೂರ್ಯನೇ ಹುಟ್ಟದ, ಹುಣ್ಣಿಮೆಯ ಆಸುಪಾಸಿನಲ್ಲಿ ಚಂದ್ರನು ದಿನಗಟ್ಟಲೆ ಮುಳುಗದ ನಾಡನ್ನು ವರ್ಣಿಸಬೇಕಾಗಿ ಬಂದರೆ ಕವಿಯ ಗತಿಯೇನು? ಕ್ರಿಸ್ಟಿಯಾನೆ ರಿಟ್ಟರ್ ಅವರ ‘ಎ ವುಮನ್ ಇನ್ ದಿ ಪೋಲಾರ್ ನೈಟ್’ ಓದುವಾಗ ನನ್ನನ್ನು ಬಿಡದೆ ಕಾಡಿದ ಪ್ರಶ್ನೆ ಇದು.

ಈಕೆ ಆಸ್ಟ್ರಿಯದ ಚಿತ್ರಕಲಾವಿದೆ. ಉತ್ತರ ಧ್ರುವದ ಬಳಿಯ ಸ್ವಾಲ್‌ಬಾರ್ಡ್ ದ್ವೀಪಸ್ತೋಮದಲ್ಲಿ ಬೇಟೆಗಾರನಾಗಿ ನೆಲೆಸಿದ್ದ ಪತಿಯ ಕರೆಗೆ ಓಗೊಟ್ಟು, 1934ರಲ್ಲಿ ಸ್ಪಿಟ್ಸ್‌ಬರ್ಗನ್‌ನ ಉತ್ತರ ತೀರದ ಒಂದು ಪುಟ್ಟ ಗುಡಿಸಲಿಗೆ ಹೋದರು. ಜೊತೆಯಲ್ಲಿದ್ದವನು ಕಾರ್ಲ್ ಎಂಬ ನಾರ್ವೆಯ ಇನ್ನೊಬ್ಬ ಬೇಟೆಗಾರ. ಒಂದು ವರ್ಷದ ಆ ವಾಸವೇ 1938ರಲ್ಲಿ ಜರ್ಮನ್ ಭಾಷೆಯಲ್ಲಿ ಗ್ರಂಥವಾಯಿತು. ಜೇನ್ ಡೆಗ್ರಾಸ್ ಅವರ ಇಂಗ್ಲಿಷ್ ಅನುವಾದ 1954ರಲ್ಲಿ ಬಂದಿತು.

ಇದನ್ನು ಆತ್ಮಶೋಧನೆಯ ಕಥನವೆಂದು ಹೊಗಳುವವರು ಬಹಳ. ನನಗೆ ಹಾಗೆ ತೋರುವುದಿಲ್ಲ. ಇದರ ಸತ್ತ್ವವಿರುವುದು ಮನೆಗೆಲಸದಲ್ಲಿ. ಒಲೆಗೆ ಸೌದೆ ಒಟ್ಟುವುದು, ಸೀಲ್ ಮಾಂಸ ಬೇಯಿಸುವುದು, ಗಂಡಸರಿಬ್ಬರೂ ದೂರ ಹೋಗಿದ್ದಾಗ ಬಿರುಗಾಳಿಯಲ್ಲಿ ಒಂಟಿಯಾಗಿ ಬಾಗಿಲ ಹಿಮವನ್ನು ಎತ್ತಿಹಾಕುವುದು: ಇವೆಲ್ಲ ಆದಮೇಲೆ ಆಕೆಯ ಕಣ್ಣು ಹೊರಗೆ ಹಾಯುತ್ತದೆ. ದುಡಿದು ದಣಿದ ಕಣ್ಣಿಗೆ ಕಂಡ ಚೆಲುವು ಅಲಂಕಾರವನ್ನು ಬೇಡುವುದಿಲ್ಲ. ಬೆಳದಿಂಗಳು ಇಲ್ಲಿ ಶೃಂಗಾರಕ್ಕೆ ಉದ್ದೀಪನವಲ್ಲ. ಮನುಷ್ಯನ ಬುದ್ಧಿಯನ್ನೇ ಕದಡುವ ಶಕ್ತಿ. ಅದ್ಭುತವೂ ಭಯಾನಕವೂ ಒಂದೇ ವಾಕ್ಯದಲ್ಲಿ ಬೆರೆಯುತ್ತವೆ.

ಪ್ರಾಣಿಗಳ ವಿಷಯದಲ್ಲಿಯೂ ಹಾಗೆಯೇ. ಚಳಿಗಾಲ ಬಂದೊಡನೆ ಕಡಲಹಕ್ಕಿಗಳಲ್ಲಿ ಬಹುಪಾಲು ಹೊರಟುಹೋಗುತ್ತವೆ. ನೆಲದ ಹಕ್ಕಿಗಳಲ್ಲಿ ಅಲ್ಲೇ ಉಳಿಯುವುದು ಟಾರ್ಮಿಗನ್ ಒಂದೇ. ಸಮುದ್ರ ಹೆಪ್ಪುಗಟ್ಟಿ ಮಂಜಿನ ಹಾಸು ತೀರಕ್ಕೆ ಬಂದರೆ ಅದರೊಡನೆ ಹಿಮಕರಡಿ ಬರುತ್ತದೆ; ಕರಡಿ ಬಂದರೆ ಊಟ. ಆದುದರಿಂದ ಮಂಜನ್ನು ಎದುರುನೋಡುವುದೆಂದರೆ ಅನ್ನವನ್ನು ಎದುರುನೋಡಿದಂತೆ. ಇಷ್ಟು ಸ್ಪಷ್ಟವಾಗಿ ನಿಸರ್ಗದ ಲೆಕ್ಕಾಚಾರವನ್ನು ತಿಳಿಸಿದ ಗದ್ಯವನ್ನು ನಾನು ಹೆಚ್ಚಾಗಿ ಕಂಡಿಲ್ಲ.

ಆದರೂ ಒಂದು ಆಕ್ಷೇಪಣೆಯನ್ನು ಹೇಳಲೇಬೇಕು. ಗುಡಿಸಲ ಬಳಿ ಸುಳಿದಾಡುವ ಒಂದು ನರಿ ಲೇಖಕಿಗೆ ಪ್ರಿಯವಾಗುತ್ತದೆ. ಅದನ್ನು ಕೊಲ್ಲಬೇಡಿರೆಂದು ಕೇಳಿಕೊಳ್ಳುತ್ತಾರೆ. ಅದೇ ಜಾತಿಯ ಇತರ ನರಿಗಳ ತುಪ್ಪಳವೇ ಆ ಸಂಸಾರದ ಆದಾಯ! ಹೆಸರಿಟ್ಟ ನರಿಗೆ ಕರುಣೆ, ಹೆಸರಿಲ್ಲದ್ದಕ್ಕೆ ಬೋನು. ಈ ವಿರೋಧವನ್ನು ಆಕೆ ಮುಚ್ಚಿಡಲಿಲ್ಲವೆಂಬುದು ಪ್ರಾಮಾಣಿಕತೆ. ಆಳಕ್ಕಿಳಿದು ವಿಚಾರಿಸಲಿಲ್ಲವೆಂಬುದು ಗ್ರಂಥದ ದೊಡ್ಡ ಕೊರತೆ. ಬೇಟೆಯಿಂದ ಅಳಿವಿನಂಚಿಗೆ ಬಂದಿದ್ದ ಅಲ್ಲಿಯ ಗಿಡ್ಡಗಾಲಿನ ಹಿಮಸಾರಂಗಕ್ಕೆ 1925ರಲ್ಲಿಯೇ ಕಾಯಿದೆಯ ರಕ್ಷಣೆ ದೊರೆತಿತ್ತು. ಅಂದರೆ ಪ್ರಶ್ನೆ ಆಗಲೇ ಎದ್ದಿತ್ತು. ವಾಲ್ರಸ್‌ಗೆ 1952ರಲ್ಲಿ, ಹಿಮಕರಡಿಗೆ 1973ರಲ್ಲಿ ಆ ಭಾಗ್ಯ ಬಂದಿತು.

ಇಂದು ಈ ಪುಸ್ತಕಕ್ಕೆ ಲೇಖಕಿ ಎಣಿಸದಿದ್ದ ಇನ್ನೊಂದು ಅರ್ಥ ಕೂಡಿಕೊಂಡಿದೆ. ಸ್ವಾಲ್‌ಬಾರ್ಡ್ ಭೂಮಿಯಲ್ಲಿಯೇ ಅತಿ ವೇಗವಾಗಿ ಬಿಸಿಯೇರುತ್ತಿರುವ ಪ್ರದೇಶಗಳಲ್ಲೊಂದು. ಸುತ್ತಲ ಸಮುದ್ರದ ಮಂಜು ಕುಗ್ಗುತ್ತಿದೆ. 2008ರಿಂದ ಅಲ್ಲಿಯ ನೀ-ಓಲೆಸುಂಡ್‌ನಲ್ಲಿ ಭಾರತದ ‘ಹಿಮಾದ್ರಿ’ ಸಂಶೋಧನಾ ಕೇಂದ್ರವೂ ಇದೆ. ವಿಜ್ಞಾನಿಗಳು ಅಳತೆಯನ್ನು ಕೊಡಬಲ್ಲರು. ಆದರೆ ಮಂಜು ಯಾವಾಗ ಬಂದೀತೆಂದು ಕಿಟಕಿಯಲ್ಲಿ ಕಾಯುತ್ತಿದ್ದ ಹಸಿದ ಮನಸ್ಸಿನ ಅನುಭವವನ್ನು ಈ ಗ್ರಂಥವೇ ಕೊಡಬೇಕು. ಅದು ಬಾರದಿದ್ದರೆ ಯಾರು ಯಾರು ಉಪವಾಸ ಬೀಳುವರೆಂಬುದನ್ನು ಆಕೆ ಬಲ್ಲವರಾಗಿದ್ದರು.

ವರ್ಣನೆಯೆಂದರೆ ಉಪಮೆಗಳ ಸಂತೆಯೆಂದು ತಿಳಿದ ನಮ್ಮ ಎಳೆಯ ಬರಹಗಾರರು ಇದನ್ನೊಮ್ಮೆ ಓದಲಿ. ಯಾರಾದರೂ ಇದನ್ನು ಕನ್ನಡಿಸುವುದಾದರೆ, ದಯಮಾಡಿ ಹಿಮಕ್ಕೆ ಮಲ್ಲಿಗೆಯ ಹೋಲಿಕೆ ಸೇರಿಸದಿರಲಿ.