ಬಾವಿಕಟ್ಟೆಯವರೆಗೆ ಕೇಳಬೇಕು

ಶಿವಮೊಗ್ಗದ ಓದುಗರೊಬ್ಬರು ಹೋದ ವಾರ ಮೂರು ಫೋಟೊ ಕಳಿಸಿದ್ದರು. ಅಟ್ಟ ಖಾಲಿ ಮಾಡುವಾಗ ಸಿಕ್ಕ ಅವರ ಅಪ್ಪನ ಟೂ ಇನ್ ಒನ್. ಮುಂದೆ ಎರಡು ಸ್ಪೀಕರ್, ನಡುವೆ ಕ್ಯಾಸೆಟ್ ಬಾಗಿಲು, ಮೇಲೆ ಮಡಚುವ ಹಿಡಿ. 'ಇದನ್ನು ಬೂಮ್‌ಬಾಕ್ಸ್ ಅನ್ನಬಹುದೆ ಸರ್? ನನ್ನ ಮಗ ಹೌದು ಅಂತಾನೆ, ರಿಪೇರಿಯವರು ಅಲ್ಲ ಅಂತಾರೆ' ಎಂದು ಕೇಳಿದ್ದರು. ಒಂದು ಸಾಲಿನಲ್ಲಿ ಉತ್ತರಿಸಿ ಮುಗಿಸಬಹುದಿತ್ತು. ಆದರೆ ಇಪ್ಪತ್ತು ವರ್ಷದಿಂದ ಇಂಥ ಪೆಟ್ಟಿಗೆಗಳನ್ನು ಹುಡುಕಿ ತಂದು, ಬಿಚ್ಚಿ, ಕೂಡಿಸುತ್ತ ಬಂದ ನನಗೆ ಇದು ಒಂದು ಸಾಲಿನ ಪ್ರಶ್ನೆ ಅಲ್ಲ.

ಸಾಮಾನ್ಯವಾಗಿ ಹೇಳುವ ಲಕ್ಷಣಗಳು ಎಲ್ಲರಿಗೂ ಗೊತ್ತು. ರೇಡಿಯೊ ಇರಬೇಕು, ಕ್ಯಾಸೆಟ್ ಇರಬೇಕು, ಸ್ಟೀರಿಯೊ ಇರಬೇಕು, ಸೆಲ್ಲಿನಲ್ಲಿ ನಡೆಯಬೇಕು, ಹಿಡಿದು ಎತ್ತಲು ಬರಬೇಕು. ಈ ಅಳತೆಗೋಲು ಹಿಡಿದು ಹೊರಟರೆ ನಮ್ಮ ಕಾಲದ ಅರ್ಧ ಮನೆಗಳ ಕಪಾಟಿನ ಮೇಲೆ ಬೂಮ್‌ಬಾಕ್ಸ್ ಇತ್ತು ಎನ್ನಬೇಕಾಗುತ್ತದೆ. ಇರಲಿಲ್ಲ.

ಫಿಲಿಪ್ಸ್ ಕಂಪನಿ 1963ರಲ್ಲಿ ಬರ್ಲಿನ್ನಿನ ರೇಡಿಯೊ ಮೇಳದಲ್ಲಿ ಕಾಂಪ್ಯಾಕ್ಟ್ ಕ್ಯಾಸೆಟ್ಟನ್ನು ಮೊದಲ ಸಲ ಜನರ ಮುಂದಿಟ್ಟಿತು. ಲೂ ಒಟೆನ್ಸ್ ಎಂಬ ಇಂಜಿನಿಯರ್ ಮತ್ತು ಅವರ ತಂಡದ ಕೆಲಸ ಅದು. ಮೂರು ವರ್ಷದಲ್ಲಿ, 1966ರಲ್ಲಿ, ಅದೇ ಕಂಪನಿ ರೇಡಿಯೊವನ್ನೂ ಕ್ಯಾಸೆಟ್ ರೆಕಾರ್ಡರನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂರಿಸಿತು. ಅಲ್ಲಿಯವರೆಗೆ ರೇಡಿಯೊದ ಹಾಡು ಟೇಪಿಗೆ ಬರಬೇಕೆಂದರೆ ರೇಡಿಯೊ ಮುಂದೆ ಮೈಕು ಹಿಡಿದು ಮನೆಯವರನ್ನೆಲ್ಲ ಸುಮ್ಮನಿರಿಸಬೇಕಿತ್ತು, ಇಲ್ಲವೆ ವೈರು ಎಳೆಯಬೇಕಿತ್ತು. ವಂಶ ಶುರುವಾಗುವುದು ಇಲ್ಲಿಂದ, ಸರಿ. ಆದರೆ ಆ ಪುಟ್ಟ ಪೆಟ್ಟಿಗೆಯನ್ನು ಯಾರೂ ಬೂಮ್‌ಬಾಕ್ಸ್ ಎಂದು ಕರೆಯುವುದಿಲ್ಲ.

ಅದನ್ನು ಬೆಳೆಸಿದವರು ಜಪಾನಿನವರು. ಅಲ್ಲಿ ಇದಕ್ಕೆ 'ರಾಜಿಕಾಸೆ' ಎಂದು ಹೆಸರು, ರೇಡಿಯೊ ಮತ್ತು ಕ್ಯಾಸೆಟ್ ಎರಡನ್ನೂ ಮೊಟಕುಗೊಳಿಸಿ ಜೋಡಿಸಿದ್ದು. 1970ರ ದಶಕದಲ್ಲಿ ಎಫ್‌ಎಂ ಹಾಡುಗಳನ್ನು ಟೇಪಿಗೆ ಇಳಿಸಿಕೊಳ್ಳುವುದು ಅಲ್ಲಿ ದೊಡ್ಡ ಹವ್ಯಾಸವಾಗಿತ್ತು. ಯಾವ ದಿನ ಎಷ್ಟು ಗಂಟೆಗೆ ಯಾವ ಹಾಡು ಎಂದು ಮುಂಚಿತವಾಗಿ ಅಚ್ಚುಹಾಕುವ ಪತ್ರಿಕೆಗಳೇ ಇದ್ದವು. ಹೀಗಾಗಿ ಸೋನಿ, ಜೆವಿಸಿ, ಶಾರ್ಪ್, ಹಿಟಾಚಿ, ಸಾನ್ಯೊ, ನ್ಯಾಷನಲ್ ಪ್ಯಾನಾಸೋನಿಕ್ ಎಲ್ಲರೂ ಒಬ್ಬರನ್ನೊಬ್ಬರು ಮೀರಿಸಲು ಹೊರಟರು. ಸ್ಪೀಕರ್ ದೊಡ್ಡದಾಯಿತು, ಎರಡಾಯಿತು, ನಾಲ್ಕಾಯಿತು. ಶಾರ್ಪ್‌ನ ಜಿಎಫ್-777ರಲ್ಲಿ ಆರು ಸ್ಪೀಕರ್, ಎರಡು ಕ್ಯಾಸೆಟ್ ಡೆಕ್.

ಬೆಳೆದದ್ದು ಅಲ್ಲಿ. ಬೂಮ್‌ಬಾಕ್ಸ್ ಎಂಬ ಹೆಸರನ್ನು ಪಡೆದದ್ದು ಮಾತ್ರ ಅಮೆರಿಕದ ಬೀದಿಯಲ್ಲಿ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಸೆಡ್ಜ್‌ವಿಕ್ ಅವೆನ್ಯೂದ 1520ನೇ ನಂಬರಿನ ಕಟ್ಟಡದಲ್ಲಿ ಡಿಜೆ ಕೂಲ್ ಹರ್ಕ್ ರೆಕಾರ್ಡು ನುಡಿಸಿದ ಪಾರ್ಟಿಯಿಂದ ಹಿಪ್‌ಹಾಪ್‌ನ ಕಾಲ ಎಣಿಸುತ್ತಾರೆ. ಆ ಸಂಗೀತ ಅಂಗಡಿಯ ರೆಕಾರ್ಡಾಗಿ ಬಂದು ಊರೆಲ್ಲ ಹೆಸರು ಮಾಡಿದ್ದು 1979ರಲ್ಲಿ. ನಡುವಿನ ಆರು ವರ್ಷ ಅದು ಉಳಿದದ್ದು ಪಾರ್ಟಿಯಲ್ಲಿ ಮತ್ತು ಕ್ಯಾಸೆಟ್ಟಿನಲ್ಲಿ. ರಾತ್ರಿ ತುಂಬಿಸಿಕೊಂಡ ಟೇಪು ಕೈಯಿಂದ ಕೈಗೆ ಹೋಗಿ, ಮರುದಿನ ಇನ್ನೊಂದು ಬೀದಿಯ ಮೆಟ್ಟಿಲ ಮೇಲೆ ಹತ್ತಾರು ಜನರಿಗೆ ಕೇಳಿಸುತ್ತಿತ್ತು. ರೇಡಿಯೊದವರು ಹಾಕದ, ಅಂಗಡಿಯವರು ಮಾರದ ಸಂಗೀತ ಒಂದು ಓಣಿಯಿಂದ ಇನ್ನೊಂದು ಓಣಿಗೆ ದಾಟಿದ್ದು ಈ ಪೆಟ್ಟಿಗೆಯ ಬೆನ್ನೇರಿ. ನನ್ನ ಮಟ್ಟಿಗೆ ಲಕ್ಷಣ ಹುಟ್ಟುವುದೇ ಇಲ್ಲಿ: ಬೂಮ್‌ಬಾಕ್ಸ್ ಎಂದರೆ ತಾನು ಕೇಳಿಸಿಕೊಳ್ಳಬಲ್ಲ, ಕೇಳಿಸಿಕೊಂಡದ್ದನ್ನು ಒಂದು ಗುಂಪಿಗೆ ಕೇಳಿಸಬಲ್ಲ, ಈ ಎರಡನ್ನೂ ಗೋಡೆಯ ಕರೆಂಟಿನ ಹಂಗಿಲ್ಲದೆ ಮಾಡಬಲ್ಲ ಯಂತ್ರ. ಉಳಿದದ್ದೆಲ್ಲ ಅಲಂಕಾರ.

ಸೆಲ್ಲಿನ ಮಾತು ಬಂದರೆ ಸ್ಪೈಕ್ ಲೀಯ 1989ರ 'ಡು ದ ರೈಟ್ ಥಿಂಗ್' ಸಿನಿಮಾ ನೆನಪಾಗುತ್ತದೆ. ಅದರಲ್ಲಿ ರೇಡಿಯೊ ರಹೀಮ್ ಎಂಬ ಯುವಕ ಪ್ರೊಮ್ಯಾಕ್ಸ್ ಸೂಪರ್ ಜಂಬೊ ಎಂಬ ಭಾರಿ ಪೆಟ್ಟಿಗೆ ಹೊತ್ತು ತಿರುಗುತ್ತಾನೆ. ಸೆಲ್ ಇಳಿದಾಗ ಕಿರಾಣಿ ಅಂಗಡಿಗೆ ನುಗ್ಗಿ ಕೇಳುವುದು ಇಪ್ಪತ್ತು ದಪ್ಪ ಸೆಲ್. ಒಂದು ಆಲ್ಕಲೈನ್ ದಪ್ಪ ಸೆಲ್ ಸುಮಾರು 140 ಗ್ರಾಂ ತೂಗುತ್ತದೆ. ಇಪ್ಪತ್ತಕ್ಕೆ ಹತ್ತಿರ ಹತ್ತಿರ ಮೂರು ಕಿಲೊ, ಅದೂ ಪೆಟ್ಟಿಗೆಯ ತೂಕದ ಮೇಲೆ. ಆ ಭಾರ ಹೊರುವವನು ಸಂಗೀತವನ್ನು ತನಗೊಬ್ಬನಿಗೇ ಎಂದು ಹೊರುವುದಿಲ್ಲ. ಕಡೆಗೆ ಪಿಜ್ಜಾ ಅಂಗಡಿಯ ಯಜಮಾನ ಬ್ಯಾಟಿನಿಂದ ಆ ಪೆಟ್ಟಿಗೆಯನ್ನು ಪುಡಿ ಮಾಡುತ್ತಾನೆ, ಅಲ್ಲಿಂದ ಹೊತ್ತಿಕೊಂಡ ಜಗಳದಲ್ಲಿ ಪೊಲೀಸರ ಕೈಯಲ್ಲಿ ರಹೀಮ್ ಸಾಯುತ್ತಾನೆ. ಸಿನಿಮಾದ ಪೆಟ್ಟಿಗೆ ಈಗ ವಾಷಿಂಗ್ಟನ್ನಿನಲ್ಲಿ, ಆಫ್ರಿಕನ್ ಅಮೆರಿಕನ್ನರ ಇತಿಹಾಸ ಮತ್ತು ಸಂಸ್ಕೃತಿಯ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ.

ಗುಂಪಿಗೆ ಕೇಳಿಸುವುದು ಎಂದರೆ ಎಷ್ಟು ದೂರ? ಇದಕ್ಕೆ ನನ್ನ ಅಳತೆ ಕುಂದಾಪುರದ ಕಡೆಯ ನನ್ನ ಅಕ್ಕನ ಮನೆಯಿಂದ ಬಂದದ್ದು. ಎಂಬತ್ತರ ದಶಕದಲ್ಲಿ ಭಾವ ಗಲ್ಫ್‌ನಿಂದ ರಜೆಗೆ ಬಂದಾಗ ಒಂದು ದೊಡ್ಡ ಸೆಟ್ ತಂದಿದ್ದರು. ಆಟಕ್ಕೆ ಹೋಗುವಾಗ ಅದನ್ನು ಜೊತೆಗೇ ಒಯ್ದು, ರಂಗಸ್ಥಳದ ಪಕ್ಕ ಕೂತು, ರಾತ್ರಿಯಿಡೀ ಕ್ಯಾಸೆಟ್ ಮಗುಚುತ್ತ ಯಕ್ಷಗಾನ ತುಂಬಿಸಿಕೊಂಡು ಬರುತ್ತಿದ್ದರು. ಒಂದು ಸಂಜೆ ಕರೆಂಟು ಹೋಯಿತು. ಭಾವ ಎಂಟು ಸೆಲ್ ಹಾಕಿ ಪೆಟ್ಟಿಗೆಯನ್ನು ಜಗಲಿಯಿಂದ ಅಂಗಳಕ್ಕೆ ತಂದಿಟ್ಟರು. ಅಕ್ಕನ ಅತ್ತೆ ಬಾವಿಕಟ್ಟೆಯಲ್ಲಿ ಕೊಡ ತುಂಬುತ್ತಿದ್ದವರು ಅಲ್ಲಿಂದಲೇ ಕೂಗಿ ಹೇಳಿದರು, 'ಈಗ ಮದ್ದಳೆ ಕೇಂತಿತ್ತ್ ಕಾಣ್!'

ಆ ಮಾತನ್ನು ನಾನು ಮರೆತಿಲ್ಲ. ಚೆಂಡೆ ಯಾವ ಸಣ್ಣ ಟ್ರಾನ್ಸಿಸ್ಟರಿನಲ್ಲೂ ಬಾವಿಕಟ್ಟೆಯವರೆಗೆ ಕೇಳುತ್ತದೆ, ಅದರ ಸ್ವಭಾವವೇ ಹಾಗೆ. ಮದ್ದಳೆಯ ಎಡಮುಖದ ದಪ್ಪ ನಾದ ಅಷ್ಟು ದೂರ ಹೋಗಬೇಕೆಂದರೆ ಪೆಟ್ಟಿಗೆಗೆ ಕಸುವು ಬೇಕು. ಇವತ್ತಿಗೂ ಹೊಸ ಸೆಟ್ ಮನೆಗೆ ಬಂದರೆ ನಾನು ವೈರು ಕಿತ್ತು, ಸೆಲ್ ಹಾಕಿ, ಬಯಲಿನಲ್ಲಿ ಇಟ್ಟು, ಇಪ್ಪತ್ತು ಹೆಜ್ಜೆ ಆಚೆ ನಿಂತು ಮದ್ದಳೆಗೆ ಕಿವಿಗೊಡುತ್ತೇನೆ. ಕೋಣೆಯೊಳಗೆ ಪರೀಕ್ಷೆ ಮಾಡಬಾರದು. ಗೋಡೆ, ಮೂಲೆಗಳು ತಗ್ಗು ನಾದಕ್ಕೆ ಬಲ ಕೊಟ್ಟು ಬಡ ಯಂತ್ರವನ್ನೂ ಶ್ರೀಮಂತವಾಗಿ ಕೇಳಿಸುತ್ತವೆ.

ಕಸುವು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಗುಟ್ಟೇನಿಲ್ಲ. ತಗ್ಗು ನಾದ ಹುಟ್ಟಬೇಕೆಂದರೆ ಹೆಚ್ಚು ಗಾಳಿ ಅಲುಗಬೇಕು. ಹತ್ತು ಸೆಂಟಿಮೀಟರಿನ ಸ್ಪೀಕರಿಗಿಂತ ಇಪ್ಪತ್ತು ಸೆಂಟಿಮೀಟರಿನದು ಅಗಲದಲ್ಲಿ ಎರಡು ಪಟ್ಟು, ಆದರೆ ತಳ್ಳುವ ಗಾಳಿಯ ಹರವಿನಲ್ಲಿ ನಾಲ್ಕು ಪಟ್ಟು. ಜೆವಿಸಿಯ ಆರ್‌ಸಿ-ಎಂ90ರ ಹೆಸರು ಇವತ್ತಿಗೂ ಸಂಗ್ರಾಹಕರ ಬಾಯಲ್ಲಿ ಉಳಿದಿರುವುದು ಅದರ ಎರಡು ಇಪ್ಪತ್ತು ಸೆಂಟಿಮೀಟರಿನ ವೂಫರುಗಳಿಂದ. ಎಲ್‌ಎಲ್ ಕೂಲ್ ಜೆ 1985ರ ತಮ್ಮ ಮೊದಲ ಆಲ್ಬಮ್ 'ರೇಡಿಯೊ'ದ ಮುಖಪುಟದಲ್ಲಿ ತಮ್ಮ ಮುಖವನ್ನು ಹಾಕಲಿಲ್ಲ, ಈ ಸೆಟ್ಟನ್ನು ಹಾಕಿದರು.

ಇನ್ನು ಸೆಲ್ಲಿನ ಲೆಕ್ಕ. ಒಂದು ಸೆಲ್ 1.5 ವೋಲ್ಟ್, ಎಂಟಕ್ಕೆ 12. ನಾಲ್ಕು ಓಮ್ ಸ್ಪೀಕರಿಗೆ ಸಾಧಾರಣ ಆಂಪ್ಲಿಫೈಯರ್ 12 ವೋಲ್ಟಿನಲ್ಲಿ ಸ್ವಚ್ಛವಾಗಿ ಕೊಡಬಲ್ಲದ್ದು ಹೆಚ್ಚೆಂದರೆ ನಾಲ್ಕೂವರೆ ವಾಟ್. ಎರಡು ಆಂಪ್ಲಿಫೈಯರುಗಳನ್ನು ಸ್ಪೀಕರಿನ ಎರಡು ತುದಿಗೆ ಎದುರುಬದುರು ಕೂಡಿಸಿದರೆ ಅದು ನಾಲ್ಕು ಪಟ್ಟು, ಹದಿನೆಂಟು ವಾಟ್. ಇಷ್ಟೇ ಮಿತಿ. ಹಾಗಿದ್ದೂ ತೊಂಬತ್ತರ ದಶಕದಲ್ಲಿ ನಮ್ಮ ಅಂಗಡಿಗಳಲ್ಲಿ ಸೆಟ್ಟಿನ ಮೇಲೆ ಮಿರಿಮಿರಿ ಸ್ಟಿಕರ್ ಅಂಟಿಸಿ ಪಿಎಂಪಿಒ ಎಂದು ಸಾವಿರ ಲೆಕ್ಕದ ವಾಟ್ ಬರೆದು ಮಾರಿದರು. ನಾನೂ ಮೊದಲ ಸಂಬಳದಲ್ಲಿ ಅಂಥದ್ದೊಂದು ಕೊಂಡೆ. ಮನೆಗೆ ತಂದು ಬಿಚ್ಚಿ ನೋಡಿದರೆ ನಾಲ್ಕು ಸ್ಪೀಕರಿನ ಮುಖದಲ್ಲಿ ಎರಡರ ಹಿಂದೆ ಏನೂ ಇರಲಿಲ್ಲ, ಬರೀ ಪ್ಲಾಸ್ಟಿಕ್ ಜಾಲರಿ. ಸಂಗೀತ ಕೇಳಲೆಂದು ದುಡ್ಡು ಕೂಡಿಟ್ಟವರಿಗೆ ಹೀಗೆ ಮಾಡಿದ್ದು ಅನ್ಯಾಯ, ಅದನ್ನು ನಾನು ಈಗಲೂ ಕ್ಷಮಿಸಿಲ್ಲ. ಮುಂದಿನ ಸ್ಟಿಕರ್ ನಂಬಬೇಡಿ. ಸೆಟ್ಟನ್ನು ತಿರುಗಿಸಿ, ಹಿಂಬದಿಯ ಚೀಟಿಯಲ್ಲಿ ಅದು ಎಷ್ಟು ವಾಟ್ ಕರೆಂಟು ಎಳೆಯುತ್ತದೆ ಎಂದು ಓದಿ. ಇಪ್ಪತ್ತು ವಾಟ್ ಉಂಡದ್ದು ಸಾವಿರ ವಾಟ್ ಹಾಡುವುದಿಲ್ಲ.

ಸ್ಟೀರಿಯೊ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಒಪ್ಪದ ಗೆಳೆಯರು ಬಹಳ. ಜೆವಿಸಿಯದೇ ಆರ್‌ಸಿ-550 ಎಂಬ ಸೆಟ್ ಇದೆ, 1970ರ ದಶಕದ್ದು. ಅದು ಮೊನೊ. ಆದರೆ ಒಂದು ಬದಿಯಲ್ಲಿ 25 ಸೆಂಟಿಮೀಟರಿನ ವೂಫರ್ ಕೂತಿದೆ. ಸಂಗ್ರಾಹಕರು ಅದಕ್ಕೆ 'ಎಲ್ ಡಯಾಬ್ಲೊ', ಅಂದರೆ ಸೈತಾನ ಎಂದು ಹೆಸರಿಟ್ಟಿದ್ದಾರೆ. ಮೊನೊ ಆದ ಮೇಲೆ ಬೂಮ್‌ಬಾಕ್ಸ್ ಅಲ್ಲ ಎಂಬುದು ಶಾಸ್ತ್ರದ ವಾದ. ನಾನು ಅದನ್ನು ಧಾರಾಳವಾಗಿ ಒಳಗೆ ಸೇರಿಸುತ್ತೇನೆ. ಅರ್ಧ ಮೀಟರ್ ಅಂತರದಲ್ಲಿರುವ ಎರಡು ಸ್ಪೀಕರುಗಳ ಎಡ-ಬಲ ಎದುರಿಗೆ ಕೂತವನಿಗೆ ತಿಳಿಯಬಹುದು, ಬಯಲಿನಲ್ಲಿ ಇಪ್ಪತ್ತು ಹೆಜ್ಜೆ ಆಚೆ ಎರಡೂ ಒಂದೇ ಕಡೆಯಿಂದ ಬಂದಂತೆ ಕೇಳುತ್ತವೆ. 'ಸ್ಟೀರಿಯೊ ವೈಡ್' ಗುಂಡಿ ಒತ್ತಿದರೆ ಒಂದು ಬದಿಯ ನಾದದ ಅಂಶವನ್ನು ಇನ್ನೊಂದು ಬದಿಯಿಂದ ಕಳೆದು ಅಗಲದ ಭ್ರಮೆ ಹುಟ್ಟಿಸುತ್ತದೆ. ಅದೂ ಹತ್ತಿರ ಕೂತವರಿಗೇ. ಬೀದಿಯ ಯಂತ್ರವನ್ನು ಬೀದಿಯ ಕಿವಿಯಿಂದ ಅಳೆಯಬೇಕು.

ಹೊರಗಿಡುವುದು ಯಾವುದನ್ನು? ಸ್ಪೀಕರ್ ಕಳಚಿ ಬೇರೆ ಇಡುವ ಮೂರು ತುಂಡಿನ ಸೆಟ್ಟುಗಳನ್ನು ನಾನು ಹೊರಗಿಡುತ್ತೇನೆ, ಅವು ಮನೆಯ ಕಪಾಟಿಗೆ ಹುಟ್ಟಿದವು. 1979ರಲ್ಲಿ ಸೋನಿ ವಾಕ್‌ಮನ್ ಬಂದು ಸಂಗೀತ ಒಬ್ಬೊಬ್ಬರ ಕಿವಿಯೊಳಗೆ ಹೋಯಿತು. ತೊಂಬತ್ತರ ದಶಕದ ಗುಂಡುಗುಂಡಗಿನ ಸಿಡಿ ಸೆಟ್ಟುಗಳು ಬರುವ ಹೊತ್ತಿಗೆ ಬೀದಿಯ ಕಾಲ ಮುಗಿಯುತ್ತ ಬಂದಿತ್ತು. ಈಗ ಬೂಮ್‌ಬಾಕ್ಸ್ ಎಂಬ ಹೆಸರಿನಲ್ಲೇ ಮಾರುವ ಬ್ಲೂಟೂತ್ ಸ್ಪೀಕರುಗಳಿವೆ. ಸದ್ದಿನಲ್ಲಿ ಅವು ಹಳೆಯವನ್ನು ಮೀರಿಸುತ್ತವೆ, ಇದನ್ನು ಒಪ್ಪಲೇಬೇಕು. ಆದರೆ ಅವುಗಳಿಗೆ ಬಾಯಿ ಇದೆ, ಕಿವಿ ಇಲ್ಲ. ರಂಗಸ್ಥಳದ ಪಕ್ಕ ಇಟ್ಟರೆ ಆಟ ಮುಗಿದ ಮೇಲೆ ಅವುಗಳೊಳಗೆ ಏನೂ ಇರುವುದಿಲ್ಲ.

ಈಗ ಶಿವಮೊಗ್ಗದ ಓದುಗರಿಗೆ. ನಿಮ್ಮ ಎರಡನೇ ಫೋಟೊದಲ್ಲಿ ಹಿಂಬದಿ ಚೆನ್ನಾಗಿ ಕಾಣುತ್ತದೆ. ಆರು ಸೆಲ್, ಅಂದರೆ ಒಂಬತ್ತು ವೋಲ್ಟ್; ಎಳೆಯುವ ಕರೆಂಟು 12 ವಾಟ್ ಎಂದಿದೆ; ಸ್ಪೀಕರುಗಳು ಹತ್ತು ಸೆಂಟಿಮೀಟರಿನವು. ಇಷ್ಟು ಕಸುವಿಗೆ ಮದ್ದಳೆ ಬಾವಿಕಟ್ಟೆ ಮುಟ್ಟುವುದಿಲ್ಲ. ರಿಪೇರಿಯವರು ಹೇಳಿದ್ದು ಸರಿ, ಇದು ಬೂಮ್‌ಬಾಕ್ಸ್ ಅಲ್ಲ. ಒಳ್ಳೆಯ ಟೂ ಇನ್ ಒನ್. ಆದರೆ ಇದಕ್ಕೆ ಕಿವಿ ಇದೆ: ಮುಂದಿನ ಜಾಲರಿಯ ಎರಡು ತುದಿಗೆ ಸಾಸಿವೆಯಷ್ಟು ತೂತುಗಳಿವೆ ನೋಡಿ, ಅವು ಮೈಕುಗಳು. ನಿಮ್ಮ ಮಗನಿಗೆ ತೋರಿಸಿ.

ಮೂರನೇ ಫೋಟೊದಲ್ಲಿ ಕ್ಯಾಸೆಟ್ ಬಾಗಿಲಿನ ಗಾಜಿನ ಹಿಂದೆ ಒಂದು ಕ್ಯಾಸೆಟ್ ಹಾಗೇ ಇದೆ. ಚೀಟಿಯ ಮೇಲೆ ಕೈಬರಹ, ನೀಲಿ ಶಾಯಿ, ಅಂಗಡಿಯಲ್ಲಿ ಕೊಂಡದ್ದಲ್ಲ. ಕುತೂಹಲಕ್ಕೆ ಪ್ಲೇ ಒತ್ತಬೇಡಿ. ಇಷ್ಟು ವರ್ಷ ಅಟ್ಟದಲ್ಲಿದ್ದ ಸೆಟ್ಟಿನ ಬೆಲ್ಟು ಕರಗಿ ಡಾಂಬರಿನಂತಾಗಿರುತ್ತದೆ, ಟೇಪನ್ನು ಎಳೆಯುವ ರಬ್ಬರ್ ಗಾಲಿ ಗಟ್ಟಿಯಾಗಿ ಮಿರುಗುತ್ತಿರುತ್ತದೆ. ಅದು ಟೇಪನ್ನು ಸುತ್ತಿಕೊಂಡು ನುಂಗಿಬಿಡುತ್ತದೆ. ಮೊದಲು ಒಳಗೆ ಹಳೆಯ ಸೆಲ್ ಇದ್ದರೆ ತೆಗೆಯಿರಿ. ಕ್ಯಾಸೆಟ್ಟನ್ನು ಮೆಲ್ಲಗೆ ಹೊರತೆಗೆದು, ಚೆನ್ನಾಗಿ ನಡೆಯುವ ಬೇರೆ ಡೆಕ್‌ನಲ್ಲಿ ಹಾಕಿಸಿ, ಕಂಪ್ಯೂಟರಿಗೆ ಒಂದು ನಕಲು ಇಳಿಸಿಕೊಳ್ಳಿ. ಸೆಟ್ಟಿನ ರಿಪೇರಿ ಆಮೇಲೆ ನೋಡೋಣ.