ದನಿ ಬೇಕು, ಮುಖ ಬೇಡ

1966ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿ ಹೊಸ ಗಾಯಕನೊಬ್ಬನ ಪ್ಲೇಟು ತಂದಿತು. ಹೊಸಬನ ಪ್ಲೇಟಿನ ಜತೆ ರೇಡಿಯೋ ಸ್ಟೇಷನ್ನುಗಳಿಗೆ ಅವನ ಫೋಟೋನೂ ಕಳಿಸುವುದು ರೂಢಿ. ಇವನದ್ದು ಕಳಿಸಲಿಲ್ಲ. ಹೆಸರು ಚಾರ್ಲಿ ಪ್ರೈಡ್. ಬಣ್ಣ ಕಪ್ಪು. ಹಾಡುತ್ತಿದ್ದದ್ದು ಕಂಟ್ರಿ ಸಂಗೀತ. ಬಿಳಿಯರು ತಮ್ಮದೆಂದು ಬೇಲಿ ಹಾಕಿಕೊಂಡಿದ್ದ ಹಳ್ಳಿಗಾಡಿನ ಹಾಡು.

ಬೇಲಿ ಹಾಕಿದ್ದು ವ್ಯಾಪಾರ. ಈ ಸಂಗೀತದ ಬ್ಯಾಂಜೋ ಆಫ್ರಿಕಾದ ಗುಲಾಮರ ಜತೆ ಬಂದ ವಾದ್ಯ. ಬಿಳಿ ಕೂಲಿ, ಕಪ್ಪು ಕೂಲಿ ಒಬ್ಬರ ರಾಗ ಒಬ್ಬರು ಕಲಿತು ಬೆಳೆಸಿದ್ದು. 1920ರ ದಶಕದಲ್ಲಿ ಕಂಪನಿಗಳು ಕಪ್ಪು ಗಿರಾಕಿಗೆ 'ರೇಸ್' ಪ್ಲೇಟು, ಬಿಳಿ ಗಿರಾಕಿಗೆ 'ಹಿಲ್‌ಬಿಲಿ' ಪ್ಲೇಟು ಅಂತ ಪಟ್ಟಿ ಬೇರೆ ಮಾಡಿದವು. ಊರು ಬೇರೆ, ಕೇರಿ ಬೇರೆ. ನಮಗಿದನ್ನು ಬಿಡಿಸಿ ಹೇಳಬೇಕಿಲ್ಲ. ಹಬ್ಬಕ್ಕೆ ತಮಟೆ ಬೇಕು, ಬಡಿಯುವವನು ಮಾತ್ರ ಗುಡಿಯ ಹೊರಗೆ.

ಪ್ರೈಡ್ ಹುಟ್ಟಿದ್ದು 1934ರಲ್ಲಿ, ಮಿಸಿಸಿಪ್ಪಿಯ ಸ್ಲೆಡ್ಜ್‌ನಲ್ಲಿ. ಅಪ್ಪ ಯಾರದ್ದೋ ಹೊಲವನ್ನು ಪಾಲಿಗೆ ಮಾಡುತ್ತಿದ್ದವನು. ಹನ್ನೊಂದು ಮಕ್ಕಳು, ಹತ್ತಿ ಬಿಡಿಸುವ ಕೆಲಸ. ಮನೆಯ ರೇಡಿಯೋದಲ್ಲಿ ನ್ಯಾಶ್‌ವಿಲ್‌ನ 'ಗ್ರ್ಯಾಂಡ್ ಓಲ್ ಆಪ್ರಿ'. ಹುಡುಗನ ಕಿವಿಗೆ ಬಿದ್ದ ಹಾಡು ಅದು, ಅದನ್ನೇ ಕಲಿತ. ಆಮೇಲೆ ಕಪ್ಪು ಆಟಗಾರರಿಗೆಂದೇ ಬೇರೆ ಇದ್ದ ಲೀಗಿನಲ್ಲಿ ಬೇಸ್‌ಬಾಲ್ ಆಡಿದ. ಮೊಂಟಾನಾದಲ್ಲಿ ಲೋಹ ಕರಗಿಸುವ ಕಾರ್ಖಾನೆಯಲ್ಲಿ ದುಡಿದ, ರಾತ್ರಿ ಹಾಡಿದ.

ಡೆಟ್ರಾಯಿಟ್‌ನ ದೊಡ್ಡ ಸಭೆಯೊಂದರ ಪ್ರಸಂಗವನ್ನು ಅವನೇ ಹೇಳಿಕೊಂಡಿದ್ದಾನೆ. ಹೆಸರು ಕೂಗಿದಾಗ ಚಪ್ಪಾಳೆಯೋ ಚಪ್ಪಾಳೆ. ಆಳು ಬೆಳಕಿಗೆ ಬಂದದ್ದೇ ತಡ, ಸದ್ದಡಗಿತು. ಅವನು ತನ್ನ ಚರ್ಮದ ಬಣ್ಣದ ಮೇಲೆ ತಾನೇ ಒಂದು ತಮಾಷೆ ಮಾಡಿದ. ಸಭೆ ನಕ್ಕಿತು. ಆಮೇಲೆ ಹಾಡಲು ಬಿಟ್ಟಿತು. ಆ ನಗು ನನಗೆ ಸಹಿಸುವುದಿಲ್ಲ. ಆದರೆ ಸಿಟ್ಟು ಬರಬೇಕಾದ್ದು ತಮಾಷೆ ಮಾಡಿದವನ ಮೇಲಾ?

ಹೋರಾಟದ ಹಾಡು ಹಾಡಲಿಲ್ಲ, ಆದ್ದರಿಂದ ಇವನು ಬಿಳಿಯರ ಮನೆಯ ಗಿಳಿ ಎನ್ನುವುದು ಸುಲಭದ ವಿಮರ್ಶೆ. ನಾನು ಒಪ್ಪುವುದಿಲ್ಲ. ಅವನನ್ನು ಕೇಳಿ: ದಪ್ಪ ದನಿ, ಅವಸರವಿಲ್ಲ, ಒಂದೊಂದು ಮಾತೂ ಬಿಡಿಬಿಡಿ. ಹ್ಯಾಂಕ್ ವಿಲಿಯಮ್ಸನ ಹಾಡು ಹಾಡುವಾಗಲೂ ಎರವಲು ತಂದವನ ಅಳುಕಿಲ್ಲ. ತನ್ನದೇ ಮನೆಗೆ ಬಂದವನ ದನಿ ಅದು.

ಕೊರತೆ ಇಲ್ಲವೆಂದಲ್ಲ. 1974ರಲ್ಲಿ ಮಿಸಿಸಿಪ್ಪಿಯ ಹತ್ತಿ ಊರಿನ ಮೇಲೆ ಒಂದು ಹಾಡು ತಂದ. ಊರಿನ ನೆನಪಿದೆ, ಆದರೆ ಪಾಲುಗಾರನನ್ನು ವರ್ಷವರ್ಷವೂ ಸಾಲಕ್ಕೆ ಕೆಡವುತ್ತಿದ್ದ ಧಣಿಯ ಲೆಕ್ಕದ ಪುಸ್ತಕ ಇಲ್ಲ. ಅಲ್ಲಿ ಮಾರುಕಟ್ಟೆ ಗೆದ್ದಿತು.

ಗೌರವಕ್ಕೇನೂ ಬರವಿರಲಿಲ್ಲ. 1971ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ ವರ್ಷದ ಕಲಾವಿದ. ಅಪ್ಪನ ರೇಡಿಯೋದ ಆ ಆಪ್ರಿಯ ಸದಸ್ಯತ್ವ ತಗೊಂಡಿದ್ದು ಮಾತ್ರ 1993ರಲ್ಲಿ. 2020ರ ಡಿಸೆಂಬರಿನಲ್ಲಿ ಕೋವಿಡ್‌ನಿಂದ ಸತ್ತ. ಬಣ್ಣಭೇದ ಮುಗಿಯಿತು ಎನ್ನಲು ಇವನನ್ನೇ ಸಾಕ್ಷಿಗೆ ಕರೆಯುವವರಿದ್ದಾರೆ. ಅವರು ಇನ್ನೊಂದು ಲೆಕ್ಕ ನೋಡಲಿ: ಕಂಟ್ರಿ ಪಟ್ಟಿಯ ತುದಿಗೆ ಪ್ರೈಡ್‌ನ ಕೊನೆಯ ಹಾಡು ಏರಿದ್ದು 1983ರಲ್ಲಿ. ಇನ್ನೊಬ್ಬ ಕಪ್ಪು ಗಾಯಕ ಒಂಟಿಯಾಗಿ ಹಾಡಿ ಅಲ್ಲಿಗೆ ಮುಟ್ಟಿದ್ದು 2008ರಲ್ಲಿ, ಡೇರಿಯಸ್ ರಕರ್.